ಸ್ವಾಮಿಯ ಪಾದದಲ್ಲಿ ಉಳಿದ ಫಿಲಂ

ನಮ್ಮಮ್ಮನಿಗೆ ಕೆಲಸ ಮಾಡೋ ಕಿಡ್ನಿ ಒಂದೇ. ಆ ಒಂದರಲ್ಲೂ ಕೆಳಮೂಲೆಯಲ್ಲಿ ಕಲ್ಲು ಕೂತಿದೆ ಅಂತ ಗೊತ್ತಾಗಿದ್ದು ಕಳೆದ ಕಾರ್ತಿಕದಲ್ಲಿ. ಸುಂಕದಕಟ್ಟೆಯಿಂದ ರಾಜಾಜಿನಗರದ ಆಸ್ಪತ್ರೆಗೆ ಬಸ್ಸಲ್ಲಿ ಓಡಾಡಿ ಓಡಾಡಿ ನನ್ನ ನಂಬಿಕೆ ಬತ್ತಿಹೋಗಿತ್ತು ಅಂತ ಭಕ್ತರ ಮುಂದೆ ಮುಚ್ಚಿಡದೆ ಹೇಳ್ತೀನಿ.

ಅಮ್ಮ ಗಾರ್ಮೆಂಟ್ಸಲ್ಲಿ ಟೈಲರ್ ಆಗಿದ್ದಳು. ಮಿಷಿನ್ ಬಿಟ್ಟು ಎದ್ದರೆ ಸೂಪರ್‌ವೈಸರ್ ಬೈತಾನೆ ಅಂತ ವರ್ಷಗಟ್ಟಲೆ ನೀರು ಕುಡೀತಿರಲಿಲ್ಲ. ಹಾಗೆ ದುಡಿದು ನನ್ನನ್ನು ಬಿ.ಎಸ್ಸಿ. ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಹೆಮ್ಮೆಯಿಂದಲೇ ಹೇಳ್ತೀನಿ. ಆದರೆ ನೀರಿಲ್ಲದೆ ಹಾಳಾದ ಅವಳ ಇನ್ನೊಂದು ಕಿಡ್ನಿ ನನ್ನ ಡಿಗ್ರಿಗೇ ಹೋಯ್ತಲ್ಲ ಅಂತ ಈಗಲೂ ಅನ್ನಿಸುತ್ತೆ.

ಮೊದಲ ಸಲ ಮೂತ್ರದ ದಾರಿಯಿಂದ ಕ್ಯಾಮೆರಾ ಇರೋ ತೆಳು ಟ್ಯೂಬ್ ಹಾಕಿದರು. ಅದು ಕಲ್ಲಿನವರೆಗೆ ತಲುಪಲೇ ಇಲ್ಲ. ಆಮೇಲೆ ಜ್ವರ ಬಂತು, ರಕ್ತದಲ್ಲಿ ಕ್ರಿಯಾಟಿನಿನ್ ಏರಿತು, ಅಂದರೆ ಇದ್ದ ಕಿಡ್ನೀನೂ ಸೋಲ್ತಿತ್ತು. ಇನ್ನೊಮ್ಮೆ ಹೀಗಾದರೆ ಡಯಾಲಿಸಿಸ್ಸೇ ಗತಿ ಅಂದರು ಡಾಕ್ಟರು. ಹೊಸದಾಗಿ ಸ್ಕ್ಯಾನ್ ತೆಗೆಸೋಕೆ ಹೊರಗಿನ ಸೆಂಟರಿಗೆ ಬರೆದುಕೊಟ್ಟು, ಒಂದು ಶನಿವಾರ ಎರಡನೇ ಪ್ರಯತ್ನ ಅಂತ ಗೊತ್ತು ಮಾಡಿದರು.

ಆ ಬೆಳಿಗ್ಗೆ ಅಮ್ಮ ಹಠ ಹಿಡಿದಳು, ಸ್ಕ್ಯಾನ್ ರಿಪೋರ್ಟು, ಫಿಲಂ ಕವರ್ ಇರೋ ಫೈಲನ್ನ ನಮ್ಮ ಬೀದಿ ಆಂಜನೇಯಸ್ವಾಮಿ ಪಾದಕ್ಕೆ ಮುಟ್ಟಿಸಿಕೊಂಡೇ ಹೋಗಬೇಕು ಅಂತ. ಶನಿವಾರದ ನೂಕುನುಗ್ಗಲು. ಪಾದದ ಹತ್ತಿರ ಲಗ್ನಪತ್ರಿಕೆ, ಹೊಸ ಗಾಡಿ ಕೀ, ಹಾಲ್ ಟಿಕೆಟ್ಟು ಎಲ್ಲ ರಾಶಿ. ಅರ್ಚಕರು ಕುಂಕುಮ ಹಚ್ಚಿ ಫೈಲ್ ವಾಪಸ್ ಕೊಟ್ಟರು. ಬಸ್ ಹಿಡಿಯೋ ಆತುರದಲ್ಲಿ ನಾನು ತೆಗೆದು ನೋಡಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ರಿಪೋರ್ಟ್ ಇದೆ, ಫಿಲಂ ಕವರ್ ಇಲ್ಲ. ಓದಿದವಳು ನಾನಲ್ಲವೇ, ರಿಪೋರ್ಟನ್ನೇ ಓದಿ ಹೇಳಿ, ಎಲ್ಲ ಇದರಲ್ಲೇ ಇದೆ ಸಾರ್ ಅಂದೆ. ಚಿತ್ರ ನೋಡದೆ ಒಳಗೆ ಕೈ ಹಾಕಲ್ಲ, ಇವತ್ತಿನ ಸರದಿ ಹೋಯ್ತು, ಸೋಮವಾರ ಬನ್ನಿ ಅಂದುಬಿಟ್ಟರು ಡಾಕ್ಟರು. ಖಾಲಿ ಹೊಟ್ಟೆಯಲ್ಲಿ ಹಸಿರು ಗೌನ್ ಹಾಕಿಕೊಂಡು ಕೂತಿದ್ದ ಅಮ್ಮ ಮತ್ತೆ ಸೀರೆ ಉಟ್ಟುಕೊಂಡಳು.

ಅವಳನ್ನ ಮನೆಗೆ ಬಿಟ್ಟು ದೇವಸ್ಥಾನಕ್ಕೆ ಓಡಿದೆ. ಕವರ್ ಲಗ್ನಪತ್ರಿಕೆಗಳ ಅಡಿಯಲ್ಲಿತ್ತು. ಸ್ವಾಮಿ ಮುಂದೆ ನಿಂತು ಬಾಯಿಗೆ ಬಂದಿದ್ದು ಅಂದೆ. "ನಮ್ಮಮ್ಮನ ಸರದೀನೂ ನುಂಗಿದೆಯಲ್ಲಪ್ಪ. ಇನ್ನೇನು ಬೇಕು ನಿನಗೆ?"

ಅರ್ಚಕರಿಗೆ ಕೇಳಿಸಿತು.

ಭಾನುವಾರ ಪೂರ್ತಿ ಅಳ್ತಾ ಕೂತೆ. ಅಮ್ಮನೇ ರೇಗಿದಳು. "ಅತ್ರೆ ಕಲ್ಲು ಕರಗುತ್ತೇನೇ? ಕರಗೋ ಹಾಗಿದ್ರೆ ಇಷ್ಟೊತ್ತಿಗೆ ಕರಗಿರೋದು. ಎದ್ದು ಅಕ್ಕಿ ತೊಳಿ."

ಸೋಮವಾರ ಮಾತ್ರ ಬರೋ ಹಿರಿಯ ಸರ್ಜನ್ ಒಬ್ಬರು ಅಲ್ಲಿದ್ದರು. ನಮ್ಮ ಡಾಕ್ಟರು ಫಿಲಂ ಅವರಿಗೂ ತೋರಿಸಿದರು. ಆ ಹಿರಿಯರು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿ, ರಿಪೋರ್ಟಿನ ಹಿಂದೆ ಪೆನ್ನಲ್ಲಿ ಚಿತ್ರ ಬರೆದು ತೋರಿಸಿದರು. ಕಿಡ್ನಿಯೊಳಗೆ ಮೂತ್ರ ಹರಿಯೋ ಕವಲುಗಳು ಎಲ್ಲರಿಗೂ ಒಂದೇ ಥರ ಇರಲ್ಲವಂತೆ. ಕೆಲವರಿಗೆ ನಡುವಿನ ಕವಲು ಮೇಲಿನದಕ್ಕೆ ಸೇರುತ್ತೆ, ಕೆಲವರಿಗೆ ಕೆಳಗಿನದಕ್ಕೆ. ಅದು ಯಾವ ಬಗೆ ಅಂತ ವಿಂಗಡಿಸಿಕೊಂಡ ಮೇಲೇ ದಾರಿ ಆರಿಸಬೇಕಂತೆ.

"ನಿಮ್ಮಮ್ಮಂದು ಕೆಳಗಿನ ಕವಲು ತುಂಬ ಕಡಿದಾಗಿ ಇಳಿದಿದೆ ಕಣಮ್ಮ, ಆ ಕವಲಿನ ಕುತ್ತಿಗೇನೂ ಸಣ್ಣ. ಟ್ಯೂಬ್ ಇಲ್ಲಿ ಬಗ್ಗಲ್ಲ. ಬೆನ್ನಿಂದ ಸಣ್ಣ ತೂತು ಮಾಡಿ ನೇರ ಹೋಗೋಣ."

ನಾನು ಓದಿ ಹೇಳಿದ್ದ ರಿಪೋರ್ಟಲ್ಲಿ ಕಲ್ಲಿನ ಅಳತೆ ಬಿಟ್ಟು ಇದ್ಯಾವುದೂ ಇರಲಿಲ್ಲ. "ಶನಿವಾರ ಫಿಲಂ ಇದ್ದಿದ್ದರೂ ನಾನು ಮತ್ತೆ ಟ್ಯೂಬನ್ನೇ ಹಾಕ್ತಿದ್ದೆ" ಅಂತ ನಮ್ಮ ಡಾಕ್ಟರೇ ಒಪ್ಪಿಕೊಂಡರು. ಫೈಲ್ ಮೇಲಿದ್ದ ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಬೆನ್ನಿಂದ ಮಾಡಿದ ಆಪರೇಷನ್ನಲ್ಲಿ ಕಲ್ಲು ಪೂರ್ತಿ ಬಂತು. ಕ್ರಿಯಾಟಿನಿನ್ ನಿಧಾನವಾಗಿ ಇಳಿಯಿತು. ಹೋದ ಕಿಡ್ನಿ ವಾಪಸ್ ಬರಲ್ಲ, ಆ ಸಂಕಟ ನನ್ನ ಜೊತೆಗೇ ಇರುತ್ತೆ. ಆದರೆ ಅಮ್ಮ ಇದ್ದಾಳೆ. ಇದು ಅಕಸ್ಮಾತ್ ಆದದ್ದು ಅನ್ನೋರು ಅನ್ನಲಿ. ನಾನೂ ಸೈನ್ಸ್ ಓದಿದವಳೇ, ನನಗೆ ಹಾಗನ್ನೋಕೆ ಬಾಯಿ ಬರಲ್ಲ.

ಬೈದಿದ್ದಕ್ಕೆ ತಪ್ಪುಕಾಣಿಕೆ ಏನು ಹಾಕಲಿ ಅಂತ ಅರ್ಚಕರನ್ನ ಕೇಳಿದೆ. ಏನೂ ಬೇಡ, ಬೈದಿದ್ದೂ ಸೇರಿಸಿ ನಡೆದದ್ದನ್ನ ನಾಲ್ಕು ಜನಕ್ಕೆ ಹೇಳಮ್ಮ ಅಂದರು.

ಹೇಳಿದ್ದೀನಿ, ಸ್ವಾಮಿ.