ರುದ್ರಪ್ಪನವರ ರಾಣಿ

ಬೆಳಿಗ್ಗೆ ಎಂಟೂವರೆಗೆ ಕಚೇರಿಯ ಮೆಟ್ಟಿಲು ಹತ್ತಿ ಬಂದವರೇ ರುದ್ರಪ್ಪನವರು ಚಪ್ಪಲಿ ಬಿಡುವುದಕ್ಕೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಅಮ್ಮ ಚೆನ್ನಾಗವ್ರಾ?”

ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಅವರ ತಾಯಿ ಆಸ್ಪತ್ರೆಯಲ್ಲಿದ್ದಾರೆ ಎಂದೇ ತಿಳಿದಿದ್ದೆ. ಒಂದು ದಿನ ನೋಡಿಬರೋಣವೆಂದು ಯಾವ ವಾರ್ಡು ಎಂದು ಕೇಳಿದೆ. ಇಡೀ ಕಚೇರಿ ನಕ್ಕಿತು. ಅಮ್ಮ ಎಂದರೆ ಯೂರೋಪಿನ ಒಂದು ದೇಶದ ರಾಣಿ. ವಿದೇಶದ ಸುದ್ದಿ ನೋಡುವವರು ಕಂಪ್ಯೂಟರಿನಿಂದ ತಲೆಯೆತ್ತಿ “ಚೆನ್ನಾಗವ್ರೆ ಸಾ” ಎಂದ ಮೇಲೆಯೇ ರುದ್ರಪ್ಪನವರು ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿ, ಕೆಂಪು ಪೆನ್ಸಿಲ್ಲಿನ ಮೊನೆ ಪರೀಕ್ಷಿಸಿ ಕುಳಿತುಕೊಳ್ಳುತ್ತಿದ್ದರು.

ನಮ್ಮದು ಹಾಸನದಿಂದ ಹೊರಡುವ ಮಧ್ಯಾಹ್ನದ ಪತ್ರಿಕೆ. ಒಂದು ಗಂಟೆಗೆ ಪುಟ ಮುಗಿಯಬೇಕು. ಮೂರು ಗಂಟೆಯ ಬಸ್ಸುಗಳಲ್ಲಿ ಬಂಡಲ್ಲುಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಹೋಗುತ್ತವೆ. ರುದ್ರಪ್ಪನವರು ಅಲ್ಲಿ ಕರಡು ತಿದ್ದುತ್ತಿದ್ದರು. ನಿತ್ಯ ಅರಕಲಗೂಡಿನಿಂದ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು ಬರುವರು. ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಡಬ್ಬಿಯಲ್ಲಿ ಎರಡು ರಾಗಿ ರೊಟ್ಟಿ. ಇಪ್ಪತ್ತರ ಹರೆಯದಲ್ಲಿ ಅವರು ತಿದ್ದಿದ ಮೊದಲ ಕರಡು ಆ ರಾಣಿ ಪಟ್ಟಕ್ಕೆ ಬಂದ ಸುದ್ದಿಯದು.

“ನಾವಿಬ್ರೂವೆ ಒಂದೇ ವಾರ ಡ್ಯೂಟಿಗೆ ಸೇರಿದ್ದು ಕಣಯ್ಯ. ಆವಮ್ಮಂಗೂ ರಿಟೈರ್ಮೆಂಟ್ ಇಲ್ಲ, ನಂಗೂ ಇಲ್ಲ.”

ಅವರ ಮೇಜಿನ ಕೆಳಗಿನ ಖಾನೆಯಲ್ಲಿ ನೀಲಿ ರಟ್ಟಿನ ಕಡತವೊಂದಿತ್ತು. ರಾಣಿ ಹುಟ್ಟಿದ್ದು, ಓದಿದ್ದು, ತಂದೆ ತೀರಿಕೊಂಡ ಮೇಲೆ ಸಿಂಹಾಸನ ಏರಿದ್ದು, ಮದುವೆ, ಮಕ್ಕಳು, ಎಲ್ಲವೂ ಅದರಲ್ಲಿ ಇದ್ದವು. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಆಕೆಗೆ ಸಂದ ಗೌರವಗಳದ್ದು: ಯಾವ ದೇಶ ಯಾವ ಪದಕ ಕೊಟ್ಟಿತು, ಅದರ ರೇಷ್ಮೆ ಪಟ್ಟಿ ಎಡ ಭುಜದ ಮೇಲೋ ಬಲ ಭುಜದ ಮೇಲೋ, ಯಾವ ಸೈನ್ಯದ ಗೌರವ ಕರ್ನಲ್, ಎಷ್ಟು ಗೌರವ ಡಾಕ್ಟರೇಟು. ಒಂದು ಹಡಗಿಗೂ ಒಂದು ಗುಲಾಬಿಗೂ ಆಕೆಯ ಹೆಸರಿಟ್ಟಿದ್ದರು, ಅದೂ ಇತ್ತು. ಎರಡು ಕಡೆಯಿಂದ ಖಾತ್ರಿಯಾದ ಸಂಗತಿ ಪೆನ್ನಿನಲ್ಲಿ, ಒಂದೇ ಕಡೆ ಕಂಡದ್ದು ಪೆನ್ಸಿಲ್ಲಿನಲ್ಲಿ.

ಹಾಸನದ ಓದುಗರಿಗೆ ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದೆ.

“ಬದುಕಿರೋರ್ ಬಗ್ಗೆ ತಪ್ಪು ಬರುದ್ರೆ ಅವ್ರೇ ಬಂದು ಬೈತಾರೆ. ಸತ್ತೋರು ಬಂದಾರಾ? ಅದ್ಕೇ ಇರುವಾಗ್ಲೇ ಸರಿಯಾಗಿ ಬರ್ದಿಟ್ಕಬೇಕು.”

ಈ ಮಾತು ಪೂರ್ತಿ ನಿಜವಲ್ಲ ಎಂಬುದು ನಾನು ಸೇರಿದ ಎರಡನೇ ವರ್ಷ ಗೊತ್ತಾಯಿತು. ಮೊಸಳೆ ಎಂಬ ಊರಿನ ಜವರೇಗೌಡ ಎಂಬುವರು ತೀರಿಕೊಂಡರೆಂದು ಒಂದು ಶ್ರದ್ಧಾಂಜಲಿ ಜಾಹೀರಾತು ಬಂತು. ಭಾವಚಿತ್ರ ಸರಿ, ಊರು ಸರಿ. ರುದ್ರಪ್ಪನವರು ತಿದ್ದಿದರು, ಅಚ್ಚಾಯಿತು. ಮರುದಿನ ಬೆಳಿಗ್ಗೆ ಭಾವಚಿತ್ರದಲ್ಲಿದ್ದ ಮನುಷ್ಯನೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ.

“ಸಾ, ನಾನು ಬದುಕಿವ್ನಿ ಅಂತ ಒಂದು ಹಾಕ್ಬೇಕಲ್ಲ.”

ರುದ್ರಪ್ಪನವರ ಕೈಯಿಂದ ಪೆನ್ಸಿಲ್ ಬಿತ್ತು. “ಸತ್ತೋಗಿದೀರಿ ಅಂತ ಕೊಟ್ಟೋರು ಯಾರು?”

“ನಾನೇಯ. ಗದ್ದೇಲಿ ಕಾಗೆ ತಲೆ ಮೇಲೆ ಕುಕ್ಬುಡ್ತು ಸಾ.”

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರವೆಂದು ನಮ್ಮ ಕಡೆ ಭಯ. ಆ ಮನುಷ್ಯ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಒಂದು ಸಲ ಅತ್ತರೆ ಗಂಡಾಂತರ ಕಳೆಯಿತು. ಅತ್ತ ತಕ್ಷಣ ನಿಜ ಹೇಳುವುದೂ ಪದ್ಧತಿಯೇ. ಜವರೇಗೌಡರ ತಂಗಿ ಜಯಮ್ಮ ನುಗ್ಗೇಹಳ್ಳಿಯಲ್ಲಿದ್ದರು.

“ಫೋನಲ್ಲಿ ತಂಗಿಗೆ ಸುಳ್ಳೇಳೋಕೆ ಬಾಯಿ ಬರ್ಲಿಲ್ಲ ಸಾ. ಪೇಪರ್ನಾಗಾದ್ರೆ ನಾನು ಏಳ್ದಂಗಲ್ವಲ್ಲ ಅಂತ.”

ಆದರೆ ಓದಿ ಅತ್ತವರಿಗೆ ತಕ್ಷಣ ನಿಜ ಹೇಳಲು ಪತ್ರಿಕೆಗೆ ಬಾರದು. ಜಯಮ್ಮ ಪುಟ ನೋಡಿ, ಅಳುತ್ತಲೇ ಬಸ್ಸು ಹಿಡಿದು, ಹಾಸನ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಬಿದ್ದು ಕೈ ಮುರಿದುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಅವರೂ ಬಂದರು, ಕೈಗೆ ಬ್ಯಾಂಡೇಜು. ಅಣ್ಣನ ಕಡೆ ತಿರುಗಿಯೂ ನೋಡದೆ ರುದ್ರಪ್ಪನವರನ್ನು ಕೇಳಿದರು: “ಅಚ್ಚಾಕೋಕ್ ಮುಂಚೆ ನಿಮ್ಮಲ್ಲಿ ಯಾರಾದ್ರೂ ಓಗಿ ನೋಡಿದ್ರಾ?”

ರುದ್ರಪ್ಪನವರು ಆ ಜಾಹೀರಾತಿನ ಕರಡನ್ನು ಹುಡುಕಿ ತೆಗೆದು ಮತ್ತೆ ಓದಿದರು. ಆ ದಿನ ಅವರ ರೊಟ್ಟಿ ಡಬ್ಬಿಯಲ್ಲೇ ಉಳಿಯಿತು.

ಮರುವಾರದಿಂದ ನಮ್ಮ ಕಚೇರಿಯಲ್ಲಿ ಒಂದು ಹೊಸ ಹಾಳೆ ಜಾರಿಗೆ ಬಂತು. ಯಾರದೇ ಸಾವಿನ ಸುದ್ದಿಯಾಗಲಿ, ಹೆಸರು, ಹುಟ್ಟು, ಮಾಡಿದ ಕೆಲಸ, ಸಂದ ಗೌರವಗಳು, ಕೊನೆಯಲ್ಲಿ ‘ನೋಡಿದವರು’ ಎಂದು ಒಂದು ಸಾಲು. ಆ ಸಾಲು ತುಂಬದೆ ರುದ್ರಪ್ಪನವರು ಕರಡು ಮುಟ್ಟುತ್ತಿರಲಿಲ್ಲ. ಊರಿನ ವರದಿಗಾರ ಸಿಗದಿದ್ದರೆ ಅವರೇ ಬಸ್ಸು ಹತ್ತುತ್ತಿದ್ದರು. ಹೊಳೆನರಸೀಪುರದ ಒಂದು ಮನೆಯಲ್ಲಿ ಅವರನ್ನು ನೆಂಟರೆಂದು ತಿಳಿದು ಮುಂದೆ ಕೂರಿಸಿದ್ದರಂತೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ. ಜವರೇಗೌಡರು ಮಾತ್ರ ಪ್ರತಿ ವರ್ಷ ಒಂದು ಬಾಳೆಗೊನೆ ಹೊತ್ತು ತಂದು ಅವರ ಮೇಜಿನ ಮೇಲಿಡುತ್ತಿದ್ದರು. “ಇನ್ನೂ ಇವ್ನಿ ಸಾ. ನೋಡ್ಕಳಿ.”

ರಾಣಿಯ ಕಡತಕ್ಕೂ ಆ ಹಾಳೆ ಸೇರಿತು. ಅದನ್ನು ಲಗತ್ತಿಸುವಾಗ ಅವರು ಹೇಳಿದ್ದು ನೆನಪಿದೆ: “ಅಲ್ಲಿಗೆ ನಮ್ ಬಸ್ಸು ಓಗಲ್ಲ ಕಣಯ್ಯ. ಅದೇ ಭಯ.”

ಭಯ ನಿಜವಾಗುವ ದಿನವೂ ಬಂತು. ಹನ್ನೆರಡೂಮುಕ್ಕಾಲಿಗೆ ಎಲ್ಲರ ಫೋನಿಗೂ ಒಂದೇ ಸಂದೇಶ, ರಾಣಿ ಇನ್ನಿಲ್ಲ ಎಂದು. ಕಪ್ಪು ಅಂಚಿನ ಭಾವಚಿತ್ರ, ಕೆಳಗೆ ಮೇಣದಬತ್ತಿ. ಸಂಪಾದಕರು ಮುಖಪುಟ ತೆರವು ಮಾಡಿಸಿ ಕಡತ ಕೇಳಿದರು. ರುದ್ರಪ್ಪನವರು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು, ಕೊಡಲಿಲ್ಲ.

“ನೋಡ್ದೋರು ಯಾರು ಸಾ?”

“ರೀ ರುದ್ರಪ್ಪ, ಎಲ್ಲರ ಫೋನಲ್ಲೂ ಬಂದಿದೆ ಕಣ್ರೀ.”

“ಬಂದದೆ. ಆ ಸಾಲಲ್ಲಿ ಯಾರೆಸ್ರು ಬರೀಲಿ ಏಳಿ.”

ಒಂದು ಗಂಟೆಯಾಯಿತು. ಒಂದೂವರೆ. ಅಚ್ಚಿನ ಮನೆಯಿಂದ ಎರಡು ಸಲ ಫೋನು ಬಂತು. ರುದ್ರಪ್ಪನವರ ಅಂಗಿ ಬೆನ್ನಿಗೆ ಅಂಟಿತ್ತು. ಎರಡೂ ಕೈ ಕಡತದ ಮೇಲೆ. ಅಷ್ಟು ವರ್ಷ ಕಾಪಾಡಿದ್ದನ್ನು ಅಚ್ಚಿನಲ್ಲಿ ನೋಡುವ ದಿನ ಇದೇ ಇರಬಹುದೆಂದು ಅವರಿಗೂ ಅನಿಸಿರಬೇಕು. ಎರಡೂಕಾಲಿಗೆ ಅರಮನೆಯ ಪ್ರಕಟಣೆ ಬಂತು: ರಾಣಿ ಕ್ಷೇಮ, ಸಂಜೆಯ ಕಾರ್ಯಕ್ರಮಕ್ಕೆ ಹೋಗುತ್ತಾರೆ. ಆ ದಿನ ಮೂರು ಗಂಟೆಯ ಬಸ್ಸುಗಳು ನಮ್ಮ ಬಂಡಲ್ಲುಗಳಿಲ್ಲದೆ ಹೋದವು. ಸಂಪಾದಕರು ಒಂದು ವಾರ ಅವರೊಡನೆ ಮಾತಾಡಲಿಲ್ಲ. ಆಮೇಲೆ ಅವರೇ ಬೆಳಿಗ್ಗೆ ಬಾಗಿಲಲ್ಲಿ ನಿಂತು “ಅಮ್ಮ ಚೆನ್ನಾಗಿದ್ದಾರೆ, ಬನ್ನಿ” ಎಂದರು.

ಮಂಡಿನೋವು ಹೆಚ್ಚಾಗಿ ರುದ್ರಪ್ಪನವರು ಬರುವುದು ನಿಂತಾಗ ಕಡತವನ್ನೂ ಅರಕಲಗೂಡಿಗೆ ಒಯ್ದರು. ಹೋದ ತಿಂಗಳು ನೋಡಲು ಹೋಗಿದ್ದೆ. ಜಗಲಿಯಲ್ಲಿ ಕುಳಿತು, ಮಗಳು ಗಿರಿಜ ಕೊಡಿಸಿದ ಫೋನಿನಲ್ಲಿ ರಾಣಿಯ ಹೊಸ ಪದಕ ಹುಡುಕುತ್ತಿದ್ದರು. ಹೊರಡುವಾಗ ನಗುತ್ತಾ ಹೇಳಿದರು: “ನೆನ್ನೆ ಕಾಗೆ ನನ್ ತಲೆಗೂ ಕುಕ್ತು ಕಣಯ್ಯ. ನಾನಂತೂ ಸುಳ್ಸುದ್ದಿ ಕಳ್ಸಲ್ಲ. ಗಿರಿಜ ಕಳ್ಸುದ್ರೆ ನಂಬ್ಬೇಡ. ಬಂದು ನೋಡು.”

ಹತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತೂಕಾಲಿಗೆ ಗಿರಿಜ ಫೋನ್ ಮಾಡಿದಳು. “ಅಪ್ಪ ಓಗ್ಬುಟ್ರು ಕಣಣ್ಣ.”

ಸುಳ್ಳು ಹೇಳುವವರು ಹೀಗೆ ಅಳುವುದಿಲ್ಲ ಎಂದುಕೊಂಡೆ. ಅಳದೆ ಹೇಳಿದರೆ ಯಾರು ನಂಬುತ್ತಾರೆ ಎಂದೂ ಅನಿಸಿತು. ಸಂಪಾದಕರು ಒಳಪುಟದಲ್ಲಿ ಜಾಗ ಬಿಡಿಸಿ, ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ತಿಳಿಸು ಎಂದರು. ಅರಕಲಗೂಡಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಖಾಲಿಯಿತ್ತು, ನಿಂತೇ ಹೋದೆ. ದಾರಿಯಲ್ಲಿ ಗಿರಿಜಳಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತದಿರುವುದು ಯಾವುದರ ಲಕ್ಷಣ ಎಂದು ಶುಂಠಿ ಹೊಲಗಳನ್ನು ನೋಡುತ್ತಾ ಲೆಕ್ಕ ಹಾಕಿದೆ. ಅವರ ಬೀದಿಗೆ ತಿರುಗುವಾಗ ಮುಂದೆ ಸೈಕಲ್ಲಿನಲ್ಲಿ ಒಬ್ಬ ಹೂವಿನ ಹಾರ ಕೊಂಡೊಯ್ಯುತ್ತಿದ್ದ. ಅವನು ನೇರ ಹೋಗಲಿ ಎಂದುಕೊಂಡೆ. ಅವರ ಮನೆಯ ಮುಂದೆ ಇಳಿದ.

ಬಾಗಿಲ ಬಳಿ ಜವರೇಗೌಡರು ಕುಳಿತಿದ್ದರು. ನನ್ನನ್ನು ನೋಡಿ ಎದ್ದರು.

“ಕಾಗೆ ಸುದ್ದಿ ಅನ್ಕಂಡೇ ಬಂದೆ ಸಾ ನಾನೂವೆ,” ಎಂದರು. ಹೆಗಲ ಟವೆಲ್ ತೆಗೆದು ಒಳಗಿನ ಕಡೆ ಕೈ ತೋರಿಸಿದರು.

ರುದ್ರಪ್ಪನವರನ್ನು ಅವರ ಮನೆತನದ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ವಿಭೂತಿ ಇತ್ತು, ಕನ್ನಡಕ ಇರಲಿಲ್ಲ. ಅಂಗಿಯ ಎದೆ ಏರಿಳಿಯುತ್ತದೆಯೇ ಎಂದು ಪೂರ್ತಿ ಒಂದು ನಿಮಿಷ ನೋಡಿದೆ. ನನ್ನ ಜಾಗದಲ್ಲಿ ಅವರಿದ್ದರೂ ಹಾಗೆಯೇ ನೋಡುತ್ತಿದ್ದರು.

“ಬೆಳಿಗ್ಗೆ ಫೋನ್ ನೋಡಿ, ಅಮ್ಮ ಚೆನ್ನಾಗವ್ರೆ ಅಂದ್ರು ಕಣಣ್ಣ,” ಎಂದಳು ಗಿರಿಜ. “ಕಾಪಿ ತರಕ್ಕೆ ಒಳಕ್ಕೋದೆ. ಬರೋ ಅಷ್ಟ್ರಲ್ಲಿ...” ಕಡತವನ್ನು ನನ್ನ ಕೈಗೆ ಕೊಟ್ಟಳು.

ಜಗಲಿಯ ಮೇಲೆ ಕುಳಿತು ಅದರಿಂದ ಒಂದು ಖಾಲಿ ಹಾಳೆ ತೆಗೆದೆ. ರಟ್ಟಿಗೆ ಸಿಕ್ಕಿಸಿದ್ದ ಅವರ ಕೆಂಪು ಪೆನ್ಸಿಲ್ಲಿನಲ್ಲಿ ಹೆಸರು ಬರೆದೆ, ಹುಟ್ಟು ಬರೆದೆ, ರಾಣಿ ಪಟ್ಟಕ್ಕೆ ಬಂದ ವಾರ ಕೆಲಸಕ್ಕೆ ಸೇರಿದ್ದು ಬರೆದೆ. ‘ಸಂದ ಗೌರವಗಳು’ ಎಂಬಲ್ಲಿ ಕೈ ನಿಂತಿತು. ‘ಮೊಸಳೆಯ ಜವರೇಗೌಡರಿಂದ ಪ್ರತಿ ವರ್ಷ ಒಂದು ಬಾಳೆಗೊನೆ’ ಎಂದು ಬರೆದೆ. ಜೇಬಿನಲ್ಲಿ ಫೋನು ನಡುಗಿತು. ಸಂಪಾದಕರ ಸಂದೇಶ: ‘ಹಾಕಲೇ?’

ಕೊನೆಯ ಸಾಲು ಉಳಿದಿತ್ತು. ಜವರೇಗೌಡರು ನೋಡಿದ್ದರು, ನಾನು ನೋಡಿದ್ದೆ. ಪೆನ್ಸಿಲ್ಲನ್ನು ಕೆಳಗಿಟ್ಟು ಪೆನ್ನು ತೆಗೆದೆ.