ಕಂಪನಿಗೊಂದು ಎಲೆ-ಅಡಿಕೆ

ಚಾಮರಾಜನಗರದಲ್ಲಿ ತೆರಿಗೆ ಸಲಹೆಗಾರ್ತಿಯಾಗಿ ಇಷ್ಟು ವರ್ಷ ಕೂತರೂ ನನಗೆ ತಾಳ್ಮೆ ಬಂದಿಲ್ಲ. ಒಂದೇ ಮಾತನ್ನು ಮೂರನೇ ಸಲ ಹೇಳಬೇಕಾಗಿ ಬಂದರೆ ದನಿ ತಾನಾಗಿ ಏರುತ್ತದೆ. ತೆರಕಣಾಂಬಿಯ ಯಜಮಾನರಿಗಂತೂ ಹತ್ತು ಸಲ ಹೇಳಿದ್ದೆ.

ಅವರದು ಅರಿಶಿನ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಮಾರುವ ಮಂಡಿ. ಜೊತೆಗಿದ್ದ ಒಬ್ಬನೇ ಪಾಲುದಾರ ಹರವೆ ಕಡೆಯ ರೈತ, ಚಿಕ್ಕಂದಿನ ಗೆಳೆಯ. ಆ ಗೆಳೆಯ ತೀರಿಕೊಂಡರು. ಇಬ್ಬರೇ ಇದ್ದ ಪಾಲುದಾರಿಕೆಯಲ್ಲಿ ಒಬ್ಬರು ಹೋದರೆ ಕಾನೂನಿನ ಪ್ರಕಾರ ಸಂಸ್ಥೆಯೂ ಮುಗಿದಂತೆ. ಮಂಡಿ ಉಳಿಯಬೇಕೆಂದರೆ ಹೊಸ ಪಾಲುದಾರರ ಜೊತೆ ಹೊಸ ಪತ್ರವಾಗಬೇಕು. ಅರಿಶಿನ ಬೇಯಿಸುವ ಕಾಲ ಬೇರೆ ಹತ್ತಿರ ಬಂದಿತ್ತು.

ಗೆಳೆಯನ ಹೆಂಡತಿ ಮತ್ತು ಮಗಳು ಮುಂದುವರಿಸಲು ಸಿದ್ಧರಿದ್ದರು. ಮಗಳು ಗುಂಡ್ಲುಪೇಟೆಯಲ್ಲಿ ಅರಿಶಿನ ಪುಡಿ ಮಾಡಿಸಿ ಪ್ಯಾಕೆಟ್ ಮಾರುವ ಚುರುಕು ಹುಡುಗಿ. ಅದಕ್ಕೆಂದು ತಾಯಿಯನ್ನೂ ಸೇರಿಸಿಕೊಂಡು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದ್ದಳು. ಮಂಡಿಗೆ ಪಾಲುದಾರರಾಗಿ ತಾವಿಬ್ಬರೂ ಅಲ್ಲ, ಆ ಕಂಪನಿ ಬರಬೇಕೆಂಬುದು ತಾಯಿಯ ಪಟ್ಟು. ಮಂಡಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಇರುವ ಮನೆ, ಹೊಲಕ್ಕೆ ಯಾರೂ ಕೈ ಹಾಕಬಾರದು ಅಂತ. ನ್ಯಾಯವಾದ ಮಾತೇ.

ಯಜಮಾನರು ಒಪ್ಪಲಿಲ್ಲ.

"ಅಲ್ಲ ಕಣ್ರವ್ವಾ, ಒಲೆ ಹಚ್ಚೋಕ್ ಮುಂಚೆ ಪಾಲ್ದಾರ್ರು ಒಬ್ರಿಗೊಬ್ರು ಎಲೆಅಡ್ಕೆ ಕೊಟ್ಕತೀವಿ. ಒಂದ್ ವರ್ಸಾನೂ ತಪ್ಪಿಲ್ಲ. ಈ ಕಂಪ್ನಿಗೆ ಕೈ ಎಲ್ಲದೆ? ಯಾರ್ ಕೈಗೆ ಕೊಡ್ಲಿ?"

"ಮಗಳ ಕೈಗೆ ಕೊಡಿ."

"ಅಂಗಾದ್ರೆ ಮಗಳೇ ಪಾಲ್ದಾರ್ಳು ಅಂತ ಬರೀರಿ, ಮುಗ್ದೋಯ್ತು."

ನಾನು ಬಿಡಿಸಿ ಹೇಳಿದೆ. ಮಗಳು ಬೇರೆ, ಕಂಪನಿ ಬೇರೆ. ಪ್ಯಾನ್ ನಂಬರಿನ ನಾಲ್ಕನೇ ಅಕ್ಷರ ನೋಡಿ: ಮನುಷ್ಯರಿಗೆ ಪಿ, ಕಂಪನಿಗೆ ಸಿ, ನಿಮ್ಮ ಮಂಡಿಯಂಥ ಪಾಲುದಾರಿಕೆಗೆ ಎಫ್. ಮಂಡಿ ತನ್ನ ಲಾಭಕ್ಕೆ ತಾನೇ ತೆರಿಗೆ ಕಟ್ಟುತ್ತದೆ, ಆ ಲಾಭದ ಪಾಲು ಕಂಪನಿಗೆ ಹೋದಾಗ ಮತ್ತೆ ತೆರಿಗೆ ಇಲ್ಲ. ಪಾಲುದಾರನಾದ ಮಾತ್ರಕ್ಕೆ ಕಂಪನಿ ಮನುಷ್ಯನಾಗುವುದಿಲ್ಲ, ಕಂಪನಿ ಸೇರಿದ ಮಾತ್ರಕ್ಕೆ ಮಂಡಿಯೂ ಕಂಪನಿಯಾಗುವುದಿಲ್ಲ. ಯಜಮಾನರು ವಿಭೂತಿಯ ಹಣೆ ಗಂಟಿಕ್ಕಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಸರಿ ಕಣ್ರವ್ವಾ. ಕೈ ಎಲ್ಲದೆ?" ಅಂದರು.

ಆಗ ನಾನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ. ಹೇಗೋ ಸಹಿ ಬಿದ್ದರೆ ಸಾಕೆಂದು ಕರಡಿನಲ್ಲಿ ಕಂಪನಿಯ ಜಾಗಕ್ಕೆ ಮಗಳ ಹೆಸರನ್ನೂ ಅವಳ ಪ್ಯಾನ್ ನಂಬರನ್ನೂ ಹಾಕಿಬಿಟ್ಟೆ. ಹುಡುಗಿ ಆಫೀಸಿಗೆ ಬಂದು ಅದನ್ನು ಓದಿದಳು, ನಾಲ್ಕನೇ ಅಕ್ಷರದ ಮೇಲೆ ಬೆರಳಿಟ್ಟಳು.

"ಮೇಡಂ, ಇದು ಪಿ. ಕಂಪ್ನೀಲಿ ಅರ್ಧ ನಮ್ಮವ್ವಂದು. ಇಂಗ್ ಬರುದ್ರೆ ಅವ್ವ ಎಲ್ಲೋದ್ಲು?"

ತಾಯಿಯನ್ನು ಹೊರಗೆ ಹಾಕಿದ್ದಲ್ಲದೆ, ಮನೆ ಹೊಲಕ್ಕೆ ಅವರು ಹಾಕಿಕೊಂಡ ಬೇಲಿಯನ್ನೂ ನಾನೇ ಕಿತ್ತಿದ್ದೆ. ಅವಳ ಎದುರೇ ಕರಡನ್ನು ಹರಿದು ಹಾಕಿದೆ.

ಸರಿಪಡಿಸಿದ ಪತ್ರ ಹಿಡಿದು ಒಂದು ಬೆಳಿಗ್ಗೆ ತೆರಕಣಾಂಬಿಯ ಬಸ್ಸು ಹತ್ತಿದೆ. ಯಜಮಾನರು ಸಹಿ ಹಾಕುವುದಿಲ್ಲ, ಮಂಡಿ ಮುಚ್ಚುತ್ತದೆ ಎಂದುಕೊಂಡೇ ಹೊರಟಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿದೆ.

ತಾಯಿ ಮಗಳು ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು. ಒಲೆಗೆ ಸೌದೆ ಒಟ್ಟಿತ್ತು, ಹಚ್ಚಿರಲಿಲ್ಲ. ಹುಡುಗಿ ಕಂಪನಿಯ ನಿರ್ಣಯ ತೆಗೆದು ಓದತೊಡಗಿದಳು. ನಾನೇ ಕಳಿಸಿದ್ದ ನಮೂನೆ: ಕಂಪನಿಯ ಪರವಾಗಿ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಲು ಇವರಿಗೆ, ಅಂದರೆ ಮಗಳಿಗೆ, ಅಧಿಕಾರ ಕೊಡಲಾಗಿದೆ. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

"ಹಾಗೂ ಪ್ರತಿ ವರ್ಷ ಒಲೆ ಹಚ್ಚುವ ದಿನ ಕಂಪನಿಯ ಪರವಾಗಿ ಎಲೆ-ಅಡಿಕೆ ಕೊಡಲು ಮತ್ತು ಪಡೆಯಲು ಸಹ."

ನಾನು ಕಣ್ಣು ಕಣ್ಣು ಬಿಟ್ಟೆ.

"ನಾನೇ ಸೇರ್ಸು ಅಂದೆ ಕಣ್ರವ್ವಾ," ಅಂದರು ತಾಯಿ. "ಅವ್ರು ಕೇಳಿದ್ದು ಅದೊಂದೇ ಅಲ್ವಾ?"

ಹೌದು, ಅವರು ಕೇಳಿದ್ದು ಅದೊಂದೇ. ಹತ್ತು ಸಲವೂ ನಾನು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹೇಳಿ, ಅರ್ಥವಾಗುವುದಿಲ್ಲವೆಂದು ಅವರ ಮೇಲೆ ರೇಗಿದ್ದೆ.

ಯಜಮಾನರು ಇನ್ನೊಮ್ಮೆ ಓದಿಸಿದರು. ಕನ್ನಡಕ ಸರಿಮಾಡಿಕೊಂಡು ಸಹಿ ಹಾಕಿದರು. ಆಮೇಲೆ ತಟ್ಟೆಯಿಂದ ಎಲೆ-ಅಡಿಕೆ ಎತ್ತಿ ಹುಡುಗಿಯ ಕೈಗಿಟ್ಟರು, ಅವಳೂ ಅವರಿಗೆ ಕೊಟ್ಟಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಎಲ್ಲ ಮುಗಿಯಿತೆಂದು ಕಾಗದ ಜೋಡಿಸಿಕೊಳ್ಳುತ್ತಿದ್ದೆ.

"ಇರಮ್ಮಿ," ಅಂದು ಯಜಮಾನರು ತಟ್ಟೆಯಿಂದ ಮತ್ತೆರಡು ಎಲೆ ಆರಿಸಿದರು. "ಆಗ್ಲೇ ಕೊಟ್ಟಿದ್ದು ಕಂಪ್ನೀಗೆ. ಇದು ನನ್ ಗೆಣೆಕಾರನ್ ಮಗಳ್ಗೆ. ಎಲ್ಡೂ ಬ್ಯಾರೆ ಬ್ಯಾರೆ ಅಂತ ಮೇಡಮ್ಮೋರು ಅಷ್ಟ್ ಸಲ ಏಳವ್ರಲ್ಲ."

"ಕೊಡಿ ದೊಡ್ಡಪ್ಪ," ಅಂದಳು ಹುಡುಗಿ. ಕಣ್ಣು ತುಂಬಿತ್ತು.

ಕಂಪನಿಯ ಎಲೆಯನ್ನು ಜೋಪಾನವಾಗಿ ಪತ್ರದ ಫೈಲಿನಲ್ಲಿಟ್ಟಳು. ತನ್ನದಕ್ಕೆ ಸುಣ್ಣ ಸವರಿ, ಮಡಚಿ, ಅಲ್ಲೇ ಬಾಯಿಗೆ ಹಾಕಿಕೊಂಡಳು.