ಒಂದೂವರೆ ಮಿಲಿಮೀಟರ್

ನಮ್ಮ ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸ್ಕೇಲ್ ಸಾಹೇಬರು ಎಂದೇ. ಜಾಹೀರಾತು ಕೊಡುವ ಕಂಪನಿಗಳೇ ಒಟ್ಟು ಸೇರಿ, ತಮ್ಮ ಮೂಗುದಾರ ತಾವೇ ಹಿಡಿದುಕೊಳ್ಳುತ್ತೇವೆಂದು ಕಟ್ಟಿಕೊಂಡ ದೂರು ಸಮಿತಿ ನಮ್ಮದು. ಸುಳ್ಳು ಜಾಹೀರಾತು ಕಂಡವರು ನಮಗೆ ಬರೆಯಬೇಕು. ನಾವು ತಪ್ಪೆಂದರೆ ಕಂಪನಿ ತಿದ್ದಿಕೊಳ್ಳಬೇಕು. ಷರತ್ತಿನ ಸಣ್ಣಕ್ಷರ ಮೂರು ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬುದು ನಿಯಮ. ಅದನ್ನು ಅಳೆಯುವುದು ಸಾಹೇಬರ ಕೆಲಸ. ಇಪ್ಪತ್ತಾರು ವರ್ಷವೂ ಒಂದೇ ಸ್ಟೀಲ್ ಸ್ಕೇಲು. ಊಟದ ಡಬ್ಬಿಯ ಮುಚ್ಚಳ ಮೀಟುವುದೂ ಅದರಲ್ಲೇ, ಬೆನ್ನು ಕೆರೆದುಕೊಳ್ಳುವುದೂ ಅದರಲ್ಲೇ. ಪಕ್ಕದ ಮೇಜಿನವಳಾದ ನಾನು ಛೇಡಿಸಿದರೆ, "ಸ್ಕೇಲಿಗೇ ಬೇಜಾರಿಲ್ಲ, ನಿಂಗೇನಮ್ಮ?" ಎನ್ನುತ್ತಿದ್ದರು. ಅವರ ಒಂದು ತೀರ್ಮಾನವೂ ಅದುವರೆಗೆ ಸುಳ್ಳಾಗಿರಲಿಲ್ಲ. ಆ ಜಂಬವೊಂದಿತ್ತು. ಇರಲಿ ಬಿಡಿ, ಪಾಪ, ಬೇರೇನಿತ್ತು ಅವರಿಗೆ?

ನಿವೃತ್ತಿಗೆ ಇಪ್ಪತ್ತು ದಿನವಿದ್ದಾಗ ಒಬ್ಬ ಅಜ್ಜಿಯ ಎರಡನೇ ಪತ್ರ ಬಂತು. ಅವರ ಮೊದಲ ದೂರನ್ನು ಸಾಹೇಬರೇ 'ಅಳತೆ ಸರಿಯಿದೆ' ಎಂದು ತಳ್ಳಿಹಾಕಿದ್ದರು. ಮಂಡಿನೋವಿನ ಎಣ್ಣೆಯ ಜಾಹೀರಾತು ಅದು. 'ಏಳು ದಿನದಲ್ಲಿ ನೋವು ಮಾಯ' ಎಂದು ಹೆಬ್ಬೆರಳಿನಷ್ಟು ದಪ್ಪಕ್ಷರ. ಕೆಳಗೆ ಸಣ್ಣದಾಗಿ, 'ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.' ಕೆಳಗಿನದು ಕಾಣದೆ ಅಜ್ಜಿ ಮಾತ್ರೆ ಬಿಟ್ಟಿದ್ದರು. ಈಗ ಹಾಸಿಗೆಯಿಂದ ಏಳಬೇಕಾದರೂ ಸೊಸೆಯ ಹೆಗಲು ಬೇಕಂತೆ.

ಈ ಸಲ ಪತ್ರಿಕೆಯ ತುಣುಕನ್ನೇ ಪಿನ್ ಮಾಡಿ ಕಳಿಸಿದ್ದರು. "ನೀವಾದ್ರೂ ಓದಿ ನೋಡಿ ಸ್ವಾಮಿ. ನಮ್ಮನೇಲಿ ನಾಲ್ಕು ಜನಕ್ಕೂ ಆಗ್ಲಿಲ್ಲ."

ಸಾಹೇಬರು ಸ್ಕೇಲಿಟ್ಟರು. ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು. ಒಂದೂವರೆ.

ಆದದ್ದಿಷ್ಟೇ. ಮೊದಲ ಸಲ ಅವರು ಅಳೆದದ್ದು ಕಂಪನಿಯವರು ಕಡತಕ್ಕೆಂದು ಕಳಿಸಿದ ನುಣುಪು ಕಾಗದದ ಪ್ರತಿಯನ್ನು. ಪತ್ರಿಕೆಯಲ್ಲಿ ಅಚ್ಚಾದದ್ದು ಅದರ ಅರ್ಧ ಅಳತೆಯಲ್ಲಿ. ವರ್ಷಾನುಗಟ್ಟಲೆ ನಾವು ಅಳೆದದ್ದೆಲ್ಲ ಅಂಥ ಪ್ರತಿಗಳನ್ನೇ. ಹಳೇ ಪೇಪರು ಹುಡುಕುತ್ತಾ ಕೂರುವವರು ಯಾರು! ಆ ಕಂಪನಿಯ ಮೇಲೆ ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿಂದ ಬಂದದ್ದು ಹೇಡಿಯ ಮಾತು: "ಇನ್ನಿಪ್ಪತ್ತೇ ದಿನ ಸಾರ್. ಹೊಸಬರು ನೋಡ್ಕೋತಾರೆ, ಸುಮ್ನಿದ್ದುಬಿಡಿ."

"ಅಲ್ಲೀವರೆಗೂ ಇದು ಪೇಪರ್‌ನಲ್ಲಿ ಬರ್ತಾನೇ ಇರುತ್ತಲ್ಲಮ್ಮ," ಎಂದರು. "ಇನ್ನೆಷ್ಟು ಜನ ಮಾತ್ರೆ ಬಿಡ್ತಾರೋ ಏನೋ."

ಖಾಲಿ ದೂರಿನ ಅರ್ಜಿಯೊಂದನ್ನು ತೆಗೆದುಕೊಂಡು, 'ಯಾರ ವಿರುದ್ಧ' ಎಂಬಲ್ಲಿ ತಮ್ಮ ಹೆಸರನ್ನೇ ಬರೆದರು.

ಸಮಿತಿಯ ಅಧ್ಯಕ್ಷರು ಸಿಡುಕಿದರು. "ಏನ್ರೀ ಇದು, ಹೋಗೋ ಹೊತ್ತಲ್ಲಿ ಎಲ್ಲರ ಮಾನ ಕಳೀತೀರಾ?"

ಸಾಹೇಬರು ಅರ್ಜಿಯನ್ನು ಹಿಂದಕ್ಕೆ ಪಡೆಯಲಿಲ್ಲ. "ತಿದ್ಕೊಳ್ಳಿ ಅಂತ ಇಪ್ಪತ್ತಾರು ವರ್ಷ ಊರಿಗೆಲ್ಲ ಬರೆದಿದೀನಿ ಸಾರ್. ಒಂದ್ಸಲ ನನಗೂ ಬರ್ಕೋಬೇಕಲ್ಲ."

ವಾರದೊಳಗೆ ಎಣ್ಣೆಯ ಜಾಹೀರಾತು ನಿಂತಿತು. ಹಳೆಯ ಕಡತಗಳನ್ನೂ ಮತ್ತೆ ಬಿಚ್ಚಿದರು. ಸಾಹೇಬರ ಎಷ್ಟು ತೀರ್ಮಾನಗಳು ಸುಳ್ಳಾದವೆಂದು ನಾನು ಹೇಳುವುದಿಲ್ಲ.

ಕೊನೆಯ ದಿನ ಬೀಳ್ಕೊಡುಗೆಗೆ ಎಲ್ಲರೂ ಕಾಯುತ್ತಿದ್ದರೆ, ಇವರು ಮೇಜು ಬಿಟ್ಟು ಏಳಲೊಲ್ಲರು. ಅಜ್ಜಿಗೆ ಉತ್ತರ ಬರೆಯುತ್ತಿದ್ದರು. ಸ್ಕೇಲಿಟ್ಟು ಪೆನ್ಸಿಲ್ ಗೆರೆ ಎಳೆದು, ದಪ್ಪ ಪೆನ್ನಿನಲ್ಲಿ, ಒಂದೊಂದು ಅಕ್ಷರವೂ ಮೂರು ಸೆಂಟಿಮೀಟರ್. ಇಡೀ ಹಾಳೆಗೆ ಹಿಡಿಸಿದ್ದು ಇಷ್ಟೇ: 'ನೀವು ಹೇಳಿದ್ದು ಸರಿ. ತಪ್ಪು ನನ್ನದು. ಮಾತ್ರೆ ಬಿಡಬೇಡಿ.'

"ಬಾಗಿಲ ಹತ್ರ ನಿಂತು ನೋಡಮ್ಮ, ಕಾಣ್ಸುತ್ತಾ?" ಎಂದು ಹಾಳೆ ಎತ್ತಿ ಹಿಡಿದರು.

ಹೋಗಿ ನಿಂತೆ. ಕಣ್ಣು ತುಂಬಿಬಂದಿತ್ತು. ಆದರೂ ಒಂದಕ್ಷರ ಬಿಡದೆ ಕಾಣುತ್ತಿತ್ತು.